ಸೊಂಟದವರೆಗಿನ ಮನುಷ್ಯ

ನಮ್ಮ ನಡುಮನೆಯ ಗೋಡೆಗೆ ಚರ್ಮವಿಲ್ಲದ ಮನುಷ್ಯನೊಬ್ಬ ಬಂದು ನಿಂತು ಒಂದು ವಾರವಾಯಿತು. ಶ್ರಾವಣಿ, ಶಾಲೆಯಲ್ಲಿ ಬೇಕೆಂದಿದ್ದಾರೆ ಎಂದು ನೀನೇ ಅವನನ್ನು ಸುರುಳಿ ಸುತ್ತಿಸಿಕೊಂಡು ತಂದೆ. ಕ್ಯಾಲೆಂಡರಿನ ಮೊಳೆ ಅವನ ಪಾಲಾಯಿತು, ಕ್ಯಾಲೆಂಡರು ಅಡುಗೆಮನೆಯ ಬಾಗಿಲ ಹಿಂದೆ ಸೇರಿತು. ಅವನ ಒಂದು ಮಗ್ಗುಲು ಕೆಂಪು ಸ್ನಾಯು, ಇನ್ನೊಂದು ಮಗ್ಗುಲು ಬಿಳಿ ಎಲುಬು. ಎರಡೂ ಅಂಗೈಗಳನ್ನು ನಮ್ಮ ಕಡೆ ಮಾಡಿಕೊಂಡು, ತನ್ನ ಹತ್ತಿರ ಮುಚ್ಚಿಡುವಂಥದ್ದು ಏನೂ ಇಲ್ಲ ಎನ್ನುವಂತೆ ನಿಂತಿದ್ದಾನೆ. ಮೊದಲ ದಿನ ಅವನ ಮುಂದೆ ಹಾಯುವಾಗ ನಾನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡೆ. ಅದನ್ನು ನೋಡಿ ನೀನೂ ವಿನಯನೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ.

"ಅಜ್ಜಿ, ಅಂವ ಬರೇ ಚಿತ್ರ! ಅಂವಗ ಚರ್ಮಾನ ಇಲ್ಲ, ನಾಚಿಕಿ ಎಲ್ಲಿಂದ ಬರಬೇಕು?" ಅಂದೆ ನೀನು.

ಅವನಿಗೆ ಇಲ್ಲದಿದ್ದರೆ ಏನಾಯಿತು, ಇಬ್ಬರಿಗಾಗುವಷ್ಟು ನನ್ನ ಹತ್ತಿರವೇ ಇದೆಯಲ್ಲ. ಈ ವಯಸ್ಸಿನಲ್ಲೂ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡದೆ ಹೋದರೆ ಕೇಳಲು ನಾಲಿಗೆ ಏಳುವುದಿಲ್ಲ. ನಿಮ್ಮ ಮುಂದೆ ಕೂತು ಬಾಯಲ್ಲಿ ಹೇಳಲಾರದ್ದನ್ನು ಬರೆಯುವುದು ಸುಲಭ ಎಂದು ಈಗ ಬರೆಯಲು ಕೂತಿದ್ದೇನೆ. ವಿನಯ, ಇದರಲ್ಲಿ ಹೆಂಗಸರ ವಿಷಯ ಬರುತ್ತದೆ ಎಂದು ಹಾಳೆ ಹಾರಿಸಬೇಡ. ನೀನೂ ಓದು.

ನಾನು ಕುರುಗೋಡಿನ ಸರ್ಕಾರಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಶಾಲೆಯ ಹಿಂದೆಯೇ ಬಂಡೆಗಳ ಗುಡ್ಡ. ಬೇಸಿಗೆಯಲ್ಲಿ ಆ ಬಂಡೆಗಳ ಕಾವು ಕಿಟಕಿಯಿಂದ ಒಳಗೆ ಬಂದು ನಮ್ಮ ಜೊತೆಗೇ ಕೂತು ಪಾಠ ಕೇಳುತ್ತಿತ್ತು. ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರಿಗೆ ಚಿತ್ರ ಬರೆಯುವ ಕೈ ಚೆನ್ನಾಗಿತ್ತು. 'ಮಾನವ ದೇಹ' ಎಂದು ಹಲಗೆಯ ಮೇಲೆ ಬರೆದು ದುಂಡಗೆ ಒಂದು ತಲೆ, ಅದರ ಕೆಳಗೆ ಕೊಳವೆಯಂಥ ಕುತ್ತಿಗೆ, ಎರಡು ಶ್ವಾಸಕೋಶ, ನಡುವೆ ಹೃದಯ, ಅದರ ಕೆಳಗೆ ಹೊಟ್ಟೆ, ಸುತ್ತಿಟ್ಟ ಹಗ್ಗದಂಥ ಕರುಳು, ಇಷ್ಟು ಬರೆಯುತ್ತಿದ್ದರು. ಆಮೇಲೆ ಸೊಂಟದ ಹತ್ತಿರ ಅಡ್ಡಕ್ಕೆ ಒಂದು ಗೆರೆ ಎಳೆದು ಸೀಮೆಸುಣ್ಣ ಕೆಳಗಿಟ್ಟು ಕೈ ಝಾಡಿಸಿಕೊಳ್ಳುತ್ತಿದ್ದರು. ನಮ್ಮ ಶಾಲೆಯ ಮನುಷ್ಯ ಅಲ್ಲಿಗೆ ಮುಗಿದ. ಅವನು ನಡೆಯುವುದು ಹೇಗೆ ಎಂದು ಯಾರೂ ಕೇಳಲಿಲ್ಲ.

ನನ್ನ ತಿಳಿವಳಿಕೆಯೂ ಬಹಳ ವರ್ಷ ಆ ಗೆರೆಯ ಮೇಲೆಯೇ ನಿಂತಿತ್ತು. ನಮ್ಮ ಮನೆಯ ಹೆಂಗಸರ ಮಾತಿನಲ್ಲಿ ಮೈಗೆ ಮೂರೇ ಭಾಗ: ತಲೆ, ಹೊಟ್ಟೆ, ಕಾಲು. ಕುತ್ತಿಗೆಯಿಂದ ಮೊಣಕಾಲಿನವರೆಗೆ ಎಲ್ಲಿ ಏನಾದರೂ ಅದು ಹೊಟ್ಟೆನೋವು. ಎದೆ ಉರಿದರೂ ಹೊಟ್ಟೆನೋವು, ಮೂತ್ರ ಕಟ್ಟಿದರೂ ಹೊಟ್ಟೆನೋವು. ನನಗೆ ಹೆರಿಗೆ ನೋವು ಬಂದಾಗಲೂ ಪಕ್ಕದ ಮನೆಯವರಿಗೆ ನಮ್ಮವ್ವ ಹೇಳಿ ಕಳಿಸಿದ್ದು, "ಹುಡುಗಿಗೆ ಹೊಟ್ಟಿ ನೋವಾಗೇತಿ, ಬರ್ರಿ" ಎಂದೇ. ಅವರು ಓಂಕಾಳಿನ ಕಷಾಯ ಮಾಡಿಕೊಂಡು ಬಂದರು.

ಇದರಲ್ಲಿ ನಮ್ಮತ್ತೆಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಮದುವೆಯಾಗಿ ನಾನು ಸಿರುಗುಪ್ಪಕ್ಕೆ ಬಂದೆ. ನಿಮ್ಮ ಅಜ್ಜ ಅಲ್ಲಿ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಒಂದು ಸಲ ನಮ್ಮತ್ತೆಗೆ ನೋವು ಬಂದು, ತೆಕ್ಕಲಕೋಟೆಯ ಡಾಕ್ಟರೊಬ್ಬರ ಕೈಗುಣ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಅವರನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು, "ಎಲ್ಲಿ ನೋವು, ತೋರಿಸ್ರಿ" ಅಂದರು. ಪರಗಂಡಸಿನ ಮುಂದೆ ತನ್ನ ಮೈ ಮುಟ್ಟಿ ತೋರಿಸುವುದುಂಟೆ? ನಮ್ಮತ್ತೆ ನನ್ನನ್ನು ಎಳೆದು ಎದುರಿಗೆ ನಿಲ್ಲಿಸಿ, ನನ್ನ ಬಲಪಕ್ಕೆಗೆ ಬೆರಳಿಟ್ಟು, "ಇಲ್ಲಿ ಹಿಡಿತೈತ್ರಿ, ಹಿಂಗ ಬೆನ್ನಿಗೆ ಹೋಗ್ತೈತಿ" ಎಂದು ಬೆರಳನ್ನು ಬೆನ್ನಿನವರೆಗೆ ಎಳೆದರು. ನಾನು ಕಚಗುಳಿಗೆ ಮುದುಡಿಕೊಂಡೆ. ಡಾಕ್ಟರು ನನ್ನ ಮುಖ ನೋಡಿ, "ನೋವು ಜೋರೇ ಐತಿ" ಎಂದು ಸೂಜಿ ತುಂಬಿಸಿದರು. ನನ್ನ ತೋಳಿಗೆ ಹತ್ತಿ ಒರೆಸುವವರೆಗೂ ನಾವಿಬ್ಬರೂ ಬಾಯಿ ಬಿಡಲಿಲ್ಲ. ಅವರು ಸೂಜಿ ಎತ್ತಿದಾಗ ನಮ್ಮತ್ತೆ, "ಅಕಿಗಲ್ರೀ, ನನಗ" ಎಂದು ಅಂತೂ ಪಿಸುಗುಟ್ಟಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಅವರ ಪಿತ್ತಕೋಶದ ಔಷಧಿಯನ್ನು ನಾನು ತೆಗೆದುಕೊಂಡು ಬರುತ್ತಿದ್ದೆ.

ಆ ಅಂಗಕ್ಕೆ ಪಿತ್ತಕೋಶ ಎನ್ನುತ್ತಾರೆಂದು ನನಗೆ ಗೊತ್ತಾಗಿದ್ದು ಬಹಳ ವರ್ಷದ ಮೇಲೆ, ಬಳ್ಳಾರಿಗೆ ಬಂದ ನಂತರ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನೂ ನಿಮ್ಮವ್ವ ಗಿರಿಜಾನೂ ಬಳ್ಳಾರಿಗೆ ಬಂದು ಪಾರ್ವತಿನಗರದ ಒಂದು ದೊಡ್ಡ ಮನೆಯ ಹಿತ್ತಿಲ ಕಡೆಯ ಎರಡು ಕೋಣೆಯಲ್ಲಿ ಬಾಡಿಗೆಗೆ ನಿಂತೆವು. ಅದು ಗಣಿಯ ಕಾಲ. ಆ ಊರನ್ನು ನೀವು ನೋಡಿಲ್ಲ. ಚೀನಾಕ್ಕೆ ಹೋಗುವ ಕಬ್ಬಿಣದ ಅದಿರು ತುಂಬಿಕೊಂಡು ಹಗಲೂ ಲಾರಿ, ಇರುಳೂ ಲಾರಿ. ಮೇಲೆ ಗಣಿ ಮಾಲೀಕರ ಹೆಲಿಕಾಪ್ಟರ್ ಹಾರಿದರೆ ಮಕ್ಕಳು ತಲೆ ಎತ್ತುವುದನ್ನೂ ಬಿಟ್ಟಿದ್ದರು. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಕಾರಿನಲ್ಲಿ ಬಂದು ಹಾರ್ನ್ ಹೊಡೆಯುತ್ತಿದ್ದ. ನಮಗೆ ಬಂದಿದ್ದು ಧೂಳು ಮಾತ್ರ. ತೊಳೆದು ಹಾಕಿದ ಬಿಳಿ ಬಟ್ಟೆ ಒಣಗುವ ಹೊತ್ತಿಗೆ ಕಾವಿಯಾಗಿರುತ್ತಿತ್ತು. ಕಣ್ಣು ಉಜ್ಜಿ ಉಜ್ಜಿ ಊರಿನ ಅರ್ಧ ಜನರ ಕಣ್ಣು ಕೆಂಪಗೆ ಇರುತ್ತಿದ್ದವು.

ಪಕ್ಕದ ಎರಡು ಕೋಣೆಯಲ್ಲಿದ್ದವಳು ಖೈರುನ್. ಅವಳ ಗಂಡ ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಮಿಷನ್ ತುಳಿಯುತ್ತಿದ್ದ. ಹೊಲಿದ ಪ್ಯಾಂಟುಗಳ ಗಂಟು ನಮ್ಮ ಕಟ್ಟೆಗೆ ಬಂದು ಬೀಳುತ್ತಿತ್ತು. ಹೆಚ್ಚಿನ ದಾರ ಕತ್ತರಿಸಿ, ತಿರುವಿ, ಮಡಚಿ ಕೊಡುವುದು ನನ್ನದೂ ಖೈರುನಳದೂ ಕೆಲಸ. ಸಂಜೆಯ ಹೊತ್ತಿಗೆ ನಮ್ಮ ಕೈ ಮೊಣಕೈವರೆಗೆ ನೀಲಿಯಾಗುತ್ತಿತ್ತು. ನಾನು ಎಷ್ಟು ಮೆತ್ತಗೆ ಮಾತಾಡುವವಳೋ ಅವಳು ಅಷ್ಟು ಜೋರು. ಇಡೀ ಓಣಿಗೆ ಅವಳ ದನಿ ಕೇಳುತ್ತಿತ್ತು. ರೇಷನ್ ಅಂಗಡಿಯಲ್ಲಿ, ನಳದ ಹತ್ತಿರ, ಎಲ್ಲಿ ನಾನು ಬಾಯಿ ಬಿಡಲಾರೆನೋ ಅಲ್ಲಿ ನನ್ನ ಪರವಾಗಿ ಅವಳು ಮಾತಾಡುತ್ತಿದ್ದಳು. "ನೀ ಸುಮ್ಕ ನಿಂದ್ರು ಶಂಕ್ರಮ್ಮ, ನಿನ್ನ ಬಾಯಿ ನನ್ನ ಹತ್ರ ಐತಿ" ಅನ್ನುತ್ತಿದ್ದಳು.

ಗಿರಿಜಾಗೆ ಎ.ಎನ್.ಎಂ. ನರ್ಸ್ ತರಬೇತಿಗೆ ಸೀಟು ಸಿಕ್ಕಿದ್ದು ಆಗಲೇ. ಅವಳೂ ನನ್ನ ಮಗಳೇ ಅಲ್ಲವೆ, ನಾಚಿಕೆಯಲ್ಲಿ ಒಂದು ಕೈ ಹೆಚ್ಚು. ಮೊದಲ ದಿನ ಅವಳು ಮನೆಗೆ ತಂದ ಪುಸ್ತಕಕ್ಕೆ ನಾನು ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದಿಟ್ಟೆ. ಆಮೇಲೆ ತೆರೆದು ನೋಡಿದರೆ ಪೂರ್ತಿ ಮನುಷ್ಯ! ಸೊಂಟದ ಕೆಳಗೂ ಇದ್ದ. ನಾನು ಪುಸ್ತಕ ಮುಚ್ಚಿ ಇನ್ನೊಂದು ಸಲ ಕೈಮುಗಿದೆ.

ನಮ್ಮ ಕಡೆ ಓದು ಅಂದರೆ ಒಪ್ಪಿಸುವುದು. ಒಬ್ಬರು ಪುಸ್ತಕ ಹಿಡಿಯಬೇಕು, ಇನ್ನೊಬ್ಬರು ನಿಂತು, ಕೈ ಕಟ್ಟಿ, ಕಣ್ಣು ಮುಚ್ಚಿ ಹೇಳಬೇಕು. ತಪ್ಪಿದರೆ ಪುಸ್ತಕ ಹಿಡಿದವರು 'ಊಹೂಂ' ಎಂದು ತಡೆಯಬೇಕು. ಗಿರಿಜಾಗೆ ಬೇರೆ ರೀತಿ ಓದಲು ಬರುತ್ತಿರಲಿಲ್ಲ. ಬೆಳಗಿನ ಜಾವ, ಬಿಸಿಲು ಏರುವ ಮುಂಚೆ, ಕಟ್ಟೆಯ ಮೇಲೆ ನಾನು ಪುಸ್ತಕ ಹಿಡಿಯುತ್ತಿದ್ದೆ, ಅವಳು ಒಪ್ಪಿಸುತ್ತಿದ್ದಳು. ಹೀಗೆ ನನಗೆ ಗೊತ್ತಿಲ್ಲದೆ ನಾನೂ ವಿದ್ಯಾರ್ಥಿನಿಯಾದೆ. ಅನ್ನ ಜೀರ್ಣವಾಗುವುದು ಹೊಟ್ಟೆಯಲ್ಲಲ್ಲ, ಬಾಯಲ್ಲೇ ಶುರುವಾಗುತ್ತದೆ ಎಂದು ತಿಳಿದ ದಿನ ಬಾಯಿಗೆ ಹಾಕಿಕೊಂಡ ರೊಟ್ಟಿಯ ತುತ್ತನ್ನು ಹಾಗೇ ಅಗಿಯುತ್ತಾ ಕೂತೆ. ನಿಜವಾಗಿಯೂ ಜೋಳ ಸಿಹಿಯಾಯಿತು. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಒಂದು ತೆಳ್ಳನೆಯ ಪರದೆ ಇದೆಯೆಂದೂ, ಅದು ಇಳಿದಾಗ ಉಸಿರು ಒಳಗೆ, ಏರಿದಾಗ ಹೊರಗೆ ಎಂದೂ ಓದಿ ನನಗೆ ಬಹಳ ಸಂತೋಷವಾಯಿತು. ಯಾರೂ ನೋಡದಿದ್ದರೂ ಇಷ್ಟು ವರ್ಷ ಅದು ತನ್ನ ಪಾಡಿಗೆ ತಾನು ಏರಿ ಇಳಿಯುತ್ತಿತ್ತಲ್ಲ! ಪಾಪ ಅನ್ನಿಸಿತು.

ರಕ್ತದ ಪಾಠದ ದಿನ ಖೈರುನಳೂ ಅಲ್ಲೇ ಚಹಾ ಕುಡಿಯುತ್ತಾ ಕೂತಿದ್ದಳು. ಗಿರಿಜಾ ಕಣ್ಣು ಮುಚ್ಚಿ, "ರಕ್ತವು ಕೆಂಪಾಗಿರಲು ಅದರಲ್ಲಿರುವ ಹಿಮೋಗ್ಲೋಬಿನ್ ಕಾರಣ. ಇದರಲ್ಲಿ ಕಬ್ಬಿಣದ ಅಂಶವಿರುತ್ತದೆ" ಎಂದಳು.

"ಏನಂದಿ? ಕಬ್ಬಿಣ?" ಖೈರುನ್ ಲೋಟ ಕೆಳಗಿಟ್ಟಳು.

"ಹೂಂ ಚಾಚಿ. ಎಲ್ಲಾರ ರಕ್ತದಾಗೂ ಇರತೈತಿ."

"ಅರೆ, ಜೋರಾಗಿ ಹೇಳಬ್ಯಾಡ! ಯಾರರ ಕೇಳಿಸಿಕೊಂಡ್ರ ನಮ್ಮನ್ನೂ ಅಗದು ಲಾರಿಗೆ ತುಂಬಿ ಚೀನಾಕ್ಕ ಕಳಸ್ತಾರ."

ನಾನೂ ನಕ್ಕೆ. ನಗುವಾಗ ಉಸಿರು ಹತ್ತಿ, ಗೋಡೆಗೆ ಒರಗಿ ಕೂತೆ.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಆ ಹೊತ್ತಿಗೆ ನನಗೆ ಒಂದು ತೊಂದರೆ ಶುರುವಾಗಿ ವರ್ಷ ದಾಟಿತ್ತು. ಹೆಂಗಸರಿಗೆ ತಿಂಗಳಿಗೊಮ್ಮೆ ಬರುವ ಮುಟ್ಟು ನನಗೆ ಬಂದರೆ ನಿಲ್ಲುತ್ತಲೇ ಇರಲಿಲ್ಲ. ರಕ್ತ ಬಹಳ ಹೋಗುತ್ತಿತ್ತು. ಹಳೆಯ ಸೀರೆಗಳನ್ನು ಹರಿದು ಹರಿದು ನನ್ನ ಪೆಟ್ಟಿಗೆ ಖಾಲಿಯಾಗುತ್ತಾ ಬಂದಿತ್ತು. ನಳದಿಂದ ಕೊಡ ಹೊತ್ತು ತರುವಾಗ ಎರಡು ಕಡೆ ಇಳಿಸಿ ನಿಲ್ಲುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಗಂಡನಿಲ್ಲದವಳು ಆ ಮಾತನ್ನು ಯಾರ ಮುಂದೆ ಎತ್ತಬೇಕು, ಯಾವ ಶಬ್ದದಿಂದ ಎತ್ತಬೇಕು ಎಂದೇ ನನಗೆ ತಿಳಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಇದ್ದದ್ದು ಸನ್ನೆ ಮಾತ್ರ, ಶಬ್ದ ಇರಲಿಲ್ಲ. ವಯಸ್ಸಾಗುತ್ತಾ ಬಂದವರಿಗೆಲ್ಲ ಹೀಗೇ ಇರಬಹುದು, ಒಂದು ದಿನ ತಾನೇ ನಿಲ್ಲುತ್ತದೆ ಎಂದುಕೊಂಡಿದ್ದೆ.

ಗಿರಿಜಾಗೆ ಪಾಠದ ಜೊತೆ ಕೈಕೆಲಸವೂ ಇತ್ತು. ರೋಗಿಯ ಉಗುರು ನೋಡುವುದು, ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು, ನಾಡಿ ಎಣಿಸುವುದು. ವರ್ಷದ ಕೊನೆಗೆ ಪರೀಕ್ಷಕರ ಮುಂದೆ ಅದನ್ನು ಮಾಡಿ ತೋರಿಸಬೇಕು. ಬೇರೆಯವರ ಮೈ ಮುಟ್ಟಲು ಅವಳಿಗೆ ಸಂಕೋಚ, ಹಾಗಾಗಿ ಮನೆಯಲ್ಲಿ ಅವಳಿಗೆ ಸಿಕ್ಕ ಒಬ್ಬಳೇ ರೋಗಿ ನಾನು.

ಮೊದಲು ಉಗುರು ನೋಡಿದಳು. ನೋಡಿದವಳೇ ಬೆಚ್ಚಿ ನನ್ನ ಕೈ ಬಿಟ್ಟಳು.

"ಯವ್ವಾ! ನಿನ್ನ ಉಗುರು ನೀಲಿ ಆಗ್ಯಾವ! ಉಸಿರು ಸಾಲಲಿಲ್ಲಂದ್ರ ಹಿಂಗ ಆಗತಾವಂತ ಬರದಾರ!"

"ಹುಚ್ಚಿ, ಅದು ಪ್ಯಾಂಟಿನ ಬಣ್ಣ" ಅಂದೆ. ಖೈರುನ್ ತನ್ನ ಹತ್ತೂ ಬೆರಳು ಚಾಚಿ, "ನಂದೂ ನೋಡವ್ವಾ ಡಾಕ್ಟ್ರ, ನಾನೂ ಸಾಯಾಕತ್ತೀನೇನು?" ಅಂದಳು. ಗಿರಿಜಾ ಮುಖ ಕೆಂಪು ಮಾಡಿಕೊಂಡು ಒಳಗೆ ಓಡಿದಳು. ಅವಮಾನವಾದಂತಾಗಿ ಆಮೇಲೆ ನನ್ನ ಉಗುರಿನ ಕಡೆ ನೋಡಲೇ ಇಲ್ಲ. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಅದಿರಿನ ಧೂಳಿಗೆ ಉಜ್ಜಿದ ಕಣ್ಣು, ಕೆಂಪಗೇ ಇತ್ತು. ರಕ್ತ ಚೆನ್ನಾಗಿದೆ ಎಂದು ಬರೆದುಕೊಂಡಳು. ನೀಲಿಯ ಕೆಳಗೂ ಕೆಂಪಿನ ಕೆಳಗೂ ನಾನು ಸುಣ್ಣದಂತೆ ಬಿಳುಚಿಕೊಂಡಿದ್ದೆ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಉಳಿದದ್ದು ನಾಡಿ. ಪುಸ್ತಕದ ಪ್ರಕಾರ ದೊಡ್ಡವರ ನಾಡಿ ನಿಮಿಷಕ್ಕೆ ಎಪ್ಪತ್ತೆರಡರ ಸುಮಾರು ಇರಬೇಕು. ಗಿರಿಜಾ ನನ್ನ ಮಣಿಕಟ್ಟಿಗೆ ಬೆರಳಿಟ್ಟು ಗಡಿಯಾರ ನೋಡುತ್ತಾ ಎಣಿಸಿದರೆ ಪ್ರತಿ ಸಲವೂ ನೂರು ದಾಟುತ್ತಿತ್ತು. ಮತ್ತೆ ಎಣಿಸುವಳು, ಮತ್ತೆ ನೂರರ ಮೇಲೆ. ಅವಳ ಕಣ್ಣಲ್ಲಿ ನೀರು ತುಂಬಿತು.

"ನನಗ ಎಣಿಸಾಕ ಬರವಲ್ದು ಯವ್ವಾ. ಎಲ್ಲಾರಿಗೂ ಬರತೈತಿ, ನನಗೊಬ್ಬಾಕಿಗೆ ಬರವಲ್ದು. ಪರೀಕ್ಷಿಯೊಳಗ ನಾ ಫೇಲ."

ಅವಳು ತಪ್ಪು ಎಣಿಸುತ್ತಿಲ್ಲ ಎಂದು ನನಗೆ ಹೇಗೋ ಅನ್ನಿಸುತ್ತಿತ್ತು. ನನ್ನ ಎದೆ ದಡದಡ ಹೊಡೆದುಕೊಳ್ಳುವುದು ನನಗೇ ಕೇಳಿಸುತ್ತಿತ್ತಲ್ಲ. ಆದರೆ ನಾನು ತಿಳಿದುಕೊಂಡದ್ದು ಬೇರೆ. ನನ್ನ ನಾಡಿಗೆ ನಡತೆ ಸರಿಯಿಲ್ಲ, ಅದರಿಂದ ಮಗಳ ಪರೀಕ್ಷೆ ಕೆಡುತ್ತದೆ ಎಂದುಕೊಂಡೆ. ಸರಿ, ಅದನ್ನು ದಾರಿಗೆ ತರಲು ಹೊರಟೆ. ಚಹಾ ಬಿಟ್ಟೆ. ಬೆಳಿಗ್ಗೆ ಎದ್ದು ಮಜ್ಜಿಗೆ ಕುಡಿದೆ. ಗಿರಿಜಾ ಎಣಿಸಲು ಬರುವ ಮುಂಚೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮೆಲ್ಲಗೆ ಶಿವನಾಮ ಹೇಳಿಕೊಳ್ಳುತ್ತಾ, ಓಟಕ್ಕೆ ಬಿದ್ದ ಕರುವನ್ನು ಕರೆಯುವ ಹಾಗೆ ನಾಡಿಯನ್ನು ಒಳಗೊಳಗೇ ರಮಿಸುತ್ತಿದ್ದೆ. ಒಂದು ಸೋಮವಾರ ಹಲಕುಂದಿಯ ಮಠಕ್ಕೆ ಹೋಗಿ ಸಮಾಧಾನದಿಂದ ಕೂತು ಬಂದರೆ ಇಳಿದೀತು ಎಂದು ಹೊರಟೆ. ದಾರಿಯುದ್ದಕ್ಕೂ ಲಾರಿಗಳ ಸಾಲು, ಬಸ್ಸು ನಿಂತಲ್ಲೇ ನಿಂತಿತು, ಉಳಿದ ದೂರ ಬಿಸಿಲಿನಲ್ಲಿ ನಡೆದೆ. ಸ್ವಾಮಿಗಳ ಮುಂದೆ ತಲೆ ಬಾಗಿಸಿದವಳಿಗೆ ಕಣ್ಣು ಕತ್ತಲೆ ಬಂತು. ಭಕ್ತಿ ಹೆಚ್ಚಾಗಿದೆ ಎಂದುಕೊಂಡು ಪಕ್ಕದವರು ನನಗೆ ಜಾಗ ಬಿಟ್ಟರು. ಸಂಜೆ ಗಿರಿಜಾ ಎಣಿಸಿದಾಗ ನಾಡಿ ಹಿಂದಿನ ದಿನಕ್ಕಿಂತ ಹೆಚ್ಚಾಗಿತ್ತು.

ಇದನ್ನೆಲ್ಲ ನೋಡಿದ ಖೈರುನ್ ಒಂದು ದಿನ ಪ್ಯಾಂಟಿನ ಗಂಟು ಪಕ್ಕಕ್ಕೆ ಒದ್ದು, ಗಿರಿಜಾಳ ಮುಂದೆ ಕೈ ಚಾಚಿ ಕೂತಳು.

"ನಂದು ಎಣಸು. ನಿಮ್ಮವ್ವನ ನಾಡಿ ಹಿಡದು ಹಿಡದು ಅದು ಹೆದರೇತಿ. ಹೊಸಾದು ನೋಡು."

ಗಿರಿಜಾ ಅಳುಕುತ್ತಾ ಬೆರಳಿಟ್ಟಳು. ಎಣಿಸಿ ಮುಗಿಸಿದವಳು ನಂಬದೆ ಮತ್ತೆ ಎಣಿಸಿದಳು. "ಎಪ್ಪತ್ನಾಕು" ಎಂದಳು.

"ನೋಡಿದ್ಯಾ? ಬರತೈತಿ ನಿನಗ! ಪಾಸ ಆದಿ ಹೋಗು" ಎಂದು ಖೈರುನ್ ಅವಳ ಬೆನ್ನಿಗೆ ಗುದ್ದಿದಳು. ಆದರೆ ಗಿರಿಜಾ ಖುಷಿಪಡಲಿಲ್ಲ. ಮೆಲ್ಲಗೆ ನನ್ನ ಕಡೆ ತಿರುಗಿದಳು. ಎದ್ದು ಹೋಗಿ ಸೋಪೂ ನೀರೂ ತಂದು ನನ್ನ ಕೈಯನ್ನು ತಿಕ್ಕಿ ತಿಕ್ಕಿ ತೊಳೆದಳು. ನೀಲಿ ಹೋಯಿತು. ಕೆಳಗಿದ್ದ ಉಗುರು ಕಾಗದದಂತೆ ಬಿಳಿ.

"ಯವ್ವಾ, ಏನಾಗೇತಿ ನಿನಗ?"

"ಏನಿಲ್ಲ. ಒಂಚೂರು ಹೊಟ್ಟಿ ನೋವು."

"ನಿನ್ನ ಹಸರ ಸೀರಿ ಎಲ್ಲೈತಿ? ಪಾತ್ರಿಯವಗ ಹಾಕಿದೆ ಅಂದಿದ್ದಿ. ಪಾತ್ರಿ ಎಲ್ಲೈತಿ?"

ನಾನು ಸುಮ್ಮನೆ ಇನ್ನೊಂದು ಪ್ಯಾಂಟು ಎಳೆದುಕೊಂಡು ದಾರ ಹುಡುಕತೊಡಗಿದೆ. ಅವಳಿಗೂ ಮುಂದೆ ಕೇಳಲು ಬಾಯಿ ಬರಲಿಲ್ಲ. ತಾಯಿಯೂ ಮಗಳೂ ಒಂದೇ ಅಚ್ಚಿನವರಾದರೆ ಇದೇ ಕಷ್ಟ. ಇಬ್ಬರಿಗೂ ಗೊತ್ತಿರುತ್ತದೆ, ಇಬ್ಬರೂ ನೆಲ ನೋಡುತ್ತಾ ಕೂತಿರುತ್ತೇವೆ.

ಮರುದಿನ ಮಧ್ಯಾಹ್ನ ಅವಳು ತರಗತಿಗೆ ಹೋದಾಗ ನಾನು ಪುಸ್ತಕ ತೆರೆದೆ. ಒಂದು ಪಾಠವನ್ನು ಅವಳು ನನ್ನ ಮುಂದೆ ಒಪ್ಪಿಸಿಯೇ ಇರಲಿಲ್ಲ. "ಅದು ನಾನ ಓದ್ಕೊಂತೀನಿ ಬಿಡು" ಎಂದು ಹಾರಿಸಿದ್ದಳು. ನನಗೂ ಅದೇ ಬೇಕಾಗಿತ್ತು. ಆ ದಿನ ಪ್ಯಾಂಟುಗಳ ರಾಶಿಯ ಮರೆಯಲ್ಲಿ ಕೂತು, ಬಾಗಿಲು ಮುಂದೆ ಮಾಡಿಕೊಂಡು, ಒಂದೊಂದೇ ಸಾಲಿಗೆ ಬೆರಳಿಟ್ಟು ಅದನ್ನು ಓದಿದೆ. ಮೊದಲು ಕಿವಿ ಬಿಸಿಯಾದವು. ಆಮೇಲೆ ಆಶ್ಚರ್ಯವಾಗತೊಡಗಿತು. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದರು! ಪಿತ್ತಕೋಶದ ಬಗ್ಗೆ ಹೇಗೆ ಬರೆದಿದ್ದರೋ ಹಾಗೇ ಇದರ ಬಗ್ಗೆಯೂ. ಬರೆದವರಿಗೆ ಇದು ಮೂಗಿಗಿಂತ ಹೆಚ್ಚು ನಾಚಿಕೆಯ ಜಾಗವೇನೂ ಆಗಿರಲಿಲ್ಲ. ಪ್ರತಿಯೊಂದಕ್ಕೂ ಒಂದು ಹೆಸರಿತ್ತು. ಯಾರೂ ಆಡದ ಹೆಸರು, ಹಾಗಾಗಿ ಯಾರ ಬಾಯಲ್ಲೂ ಬೈಗುಳವಾಗದ ಹೆಸರು. ಎಷ್ಟು ದಿನ ಹೋಗಬೇಕು, ಎಷ್ಟಕ್ಕಿಂತ ಹೆಚ್ಚಾದರೆ ವೈದ್ಯರನ್ನು ಕಾಣಬೇಕು ಎಂಬುದೂ ಅಲ್ಲಿತ್ತು. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ತಾನೇ ನಿಲ್ಲುವಂಥದ್ದಲ್ಲ ಇದು.

ಅವತ್ತು ಸಂಜೆವರೆಗೆ ಒಂದು ಪ್ಯಾಂಟೂ ಮುಗಿಯಲಿಲ್ಲ. ನಾನು ಪಾಠ ಬಾಯಿಪಾಠ ಮಾಡುತ್ತಿದ್ದೆ.

ಬೆಳಗಿನ ಜಾವ ಗಿರಿಜಾ ಎಂದಿನಂತೆ ಪುಸ್ತಕ ಕೊಡಲು ಬಂದಾಗ ನಾನು ಕೈಚಾಚಲಿಲ್ಲ.

"ಇವತ್ತ ನೀ ಹಿಡಿ. ನಾ ಒಪ್ಪಸ್ತೀನಿ."

"ನೀನಾ?"

"ಹೂಂ. ನೀ ಬಿಟ್ಟಿದ್ಯಲ್ಲ, ಆ ಪಾಠ."

ಅವಳು ಕಟ್ಟೆಯ ಮೇಲೆ ಕೂತಳು. ನಾನು ಎದುರಿಗೆ ನಿಂತು ಕೈ ಕಟ್ಟಿದೆ, ಕಣ್ಣು ಮುಚ್ಚಿದೆ. ಕುರುಗೋಡಿನ ಶಾಲೆಯ ರಾಗವೇ ಬಂತು ಬಾಯಿಗೆ.

"ಗರ್ಭಕೋಶವು ಹೊಟ್ಟೆಯ ಕೆಳಭಾಗದಲ್ಲಿರುವ, ತಲೆಕೆಳಗಾದ ಪೇರಲಹಣ್ಣಿನ ಆಕಾರದ, ಟೊಳ್ಳಾದ ಸ್ನಾಯುವಿನ ಅಂಗ. ಇದರ ಮುಂದೆ ಮೂತ್ರಕೋಶವೂ ಹಿಂದೆ ಗುದನಾಳವೂ ಇರುತ್ತವೆ. ಇದರ ಒಳಪದರವು ಪ್ರತಿ ತಿಂಗಳು ಕಳಚಿ ರಕ್ತದೊಡನೆ ಹೊರಬರುವುದಕ್ಕೆ ಋತುಸ್ರಾವ ಎನ್ನುತ್ತಾರೆ. ಋತುಸ್ರಾವವು ಸಾಮಾನ್ಯವಾಗಿ ಮೂರರಿಂದ ಐದು ದಿನ ಇರುತ್ತದೆ."

ಅಲ್ಲಿ ಉಸಿರು ತೆಗೆದುಕೊಂಡೆ. ಕಣ್ಣು ಬಿಡಲಿಲ್ಲ. ರಾಗವನ್ನೂ ಬಿಡಲಿಲ್ಲ.

"ಶಂಕ್ರಮ್ಮನಿಗೆ ತಿಂಗಳಲ್ಲಿ ಹದಿನೈದು ದಿನ ಇರುತ್ತದೆ. ಒಂದು ವರ್ಷದಿಂದ ಇರುತ್ತದೆ. ರಕ್ತವು ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಹಸಿರು ಸೀರೆಯು ಅದಕ್ಕೇ ಹೋಗಿರುತ್ತದೆ."

ಪುಸ್ತಕದ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ ಗಿರಿಜಾಳ ಧ್ವನಿ ಕೇಳಿತು, ಸಣ್ಣಗೆ.

"ಯವ್ವಾ, ಇದು ಪುಸ್ತಕದಾಗ ಇಲ್ಲ."

"ಇಲ್ಲ ಮಗಳ. ಅದಕ್ಕ ಬಾಯಿಲೆ ಹೇಳಾಕತ್ತೀನಿ."

ಕಣ್ಣು ಬಿಟ್ಟಾಗ ಅವಳು ಪುಸ್ತಕ ಎದೆಗೆ ಒತ್ತಿಕೊಂಡು ಕೂತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಪರೀಕ್ಷಕಳಂತೆ ಬೆನ್ನು ನೆಟ್ಟಗೆ ಮಾಡಿ ಒಂದಾದ ಮೇಲೊಂದು ಕೇಳಿದಳು: ನಡುವೆ ನೋವಿರುತ್ತದೆಯೆ, ಕಣ್ಣು ಕತ್ತಲೆ ಬರುತ್ತದೆಯೆ, ಮೆಟ್ಟಿಲು ಹತ್ತಿದರೆ ಉಸಿರು ಹತ್ತುತ್ತದೆಯೆ. ನಾನು ಕೈ ಕಟ್ಟಿಕೊಂಡೇ ಎಲ್ಲಕ್ಕೂ ಉತ್ತರ ಹೇಳಿದೆ. ಅಷ್ಟು ಸರಾಗವಾಗಿ ನಾನು ಶಾಲೆಯಲ್ಲೂ ಉತ್ತರ ಹೇಳಿದವಳಲ್ಲ.

ಹೆಂಗಸರ ಡಾಕ್ಟರು ಆಸ್ಪತ್ರೆಯಲ್ಲಿ ಸಿಗುವ ದಿನವೇ ಗಿರಿಜಾಳ ಪರೀಕ್ಷೆಯೂ ಬಿದ್ದಿತ್ತು. "ಪರೀಕ್ಷಿ ಮುಂದಿನ ಸಲ ಕೊಡ್ತೀನಿ, ನಿನ್ನ ಕೂಡ ಬರ್ತೀನಿ" ಎಂದು ಹಟ ಹಿಡಿದಳು. ಖೈರುನ್ ಬುರ್ಖಾದ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಗದರಿದಳು:

"ನೀ ನಡಿ ನಿನ್ನ ಪರೀಕ್ಷಿಗೆ. ನಿಮ್ಮವ್ವ ಬಾಯಿ ಬಿಡಂಗಿಲ್ಲಂತ ನಿನಗ ಚಿಂತಿ ಹೌದಿಲ್ಲ? ನಾ ಅದೀನಿ. ಎಲ್ಲಾ ನಾ ಹೇಳ್ತೀನಿ."

ಆಸ್ಪತ್ರೆಯಲ್ಲಿ ನಮ್ಮ ಸರದಿ ಬಂದಾಗ ಡಾಕ್ಟರಮ್ಮ ತಲೆ ಎತ್ತದೆ, "ಏನಮ್ಮಾ, ಏನ್ ತೊಂದರೆ?" ಅಂದರು. ಹತ್ತಿರವೇ ಚೀಟಿ ಬರೆಯುತ್ತಿದ್ದ ಒಬ್ಬ ಗಂಡಸೂ ಇದ್ದ. ಕೊಟ್ಟ ಮಾತಿನಂತೆ ಖೈರುನ್ ಮುಂದೆ ಬಾಗಿದಳು.

"ಡಾಕ್ಟರಮ್ಮಾ, ಇಕಿಗೆ ಹೊಟ್ಟಿ..."

"ಹೊಟ್ಟಿ ಅಲ್ರಿ" ಅಂದೆ ನಾನು.

ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು. ಕೈ ತಾವಾಗಿಯೇ ಕಟ್ಟಿಕೊಂಡವು. ಕಣ್ಣು ಮಾತ್ರ ಈ ಸಲ ಮುಚ್ಚಲಿಲ್ಲ. ಋತುಸ್ರಾವ ಎಂದೇ ಶುರುಮಾಡಿ, ಎಷ್ಟು ದಿನ, ಎಷ್ಟು ಕಾಲದಿಂದ, ಹೇಗೆ ಎಲ್ಲವನ್ನೂ ಹೇಳಿದೆ. ಡಾಕ್ಟರಮ್ಮ ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತ ಕೇಳಿದರು.

"ಏನ್ ಚೆಂದ ಹೇಳಿದ್ರಿ. ಟೀಚರೇನ್ರಿ?"

"ಅಲ್ರಿ, ಪ್ಯಾಂಟಿನ ದಾರ ಕತ್ತರಸ್ತೀನಿ."

ಅವರು ನನ್ನ ನಾಲಿಗೆ ನೋಡಿದರು, ಅಂಗೈ ನೋಡಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಅದರ ಚೀಟಿ ಬಂದಾಗ, "ಇಷ್ಟು ರಕ್ತ ಇಟ್ಕೊಂಡು ನಡಕೊಂಡು ಬಂದ್ರೇನ್ರಿ?" ಎಂದು ಗಾಬರಿಯಾದರು. ಊರು ತುಂಬ ಕಬ್ಬಿಣ ಸಾಗುತ್ತಿದ್ದಾಗ ನನ್ನೊಳಗೆ ಅದು ತಳ ಕಂಡಿತ್ತು. ಸ್ಕ್ಯಾನಿಂಗ್ ಮಾಡಿಸಿ ನೋಡಿ, ಗರ್ಭಕೋಶದಲ್ಲಿ ಒಂದು ಗಂಟು ಬೆಳೆದಿದೆ, ಇನ್ನೂ ತಡಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದರು. ಅವತ್ತೇ ಸೇರಿಸಿಕೊಂಡರು, ರಕ್ತ ಕೊಟ್ಟರು, ಸ್ವಲ್ಪ ದಿನದ ಮೇಲೆ ಆಪರೇಷನ್ ಮಾಡಿದರು. ನಾನು ಬದುಕಿ ನಿಮ್ಮನ್ನು ಎತ್ತಿ ಆಡಿಸಿದೆ. ಗಿರಿಜಾ ಪಾಸಾದಳು. ಅದೆಲ್ಲ ನಿಮಗೆ ಗೊತ್ತಿರುವ ಕಥೆ.

ಗೊತ್ತಿಲ್ಲದ ಒಂದು ಸಂಗತಿ ಉಳಿದಿದೆ. ಅವತ್ತು ಡಾಕ್ಟರಮ್ಮನ ಕೋಣೆಯಿಂದ ಹೊರಬಂದು, ಸ್ಕ್ಯಾನಿಂಗಿಗೆ ಕರೆಯುವವರೆಗೆ ನಾನೂ ಖೈರುನಳೂ ಬೆಂಚಿನ ಮೇಲೆ ಕೂತೆವು. ಮಾತಿನ ಮಲ್ಲಿ ಅವಳು, ಒಂದು ಮಾತೂ ಆಡಲಿಲ್ಲ. ನನ್ನ ವಿಷಯ ಕೇಳಿ ಹೆದರಿದ್ದಾಳೆ ಎಂದುಕೊಂಡೆ.

"ಶಂಕ್ರಮ್ಮ" ಅಂದಳು. ಅಷ್ಟು ಮೆತ್ತಗಿನ ದನಿ ಅವಳ ಹತ್ತಿರ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಹೂಂ."

"ಪುಸ್ತಕದಾಗ... ಆ ನೀರು ನಿಂದ್ರೋ ಚೀಲದ್ದೂ ಬರದಾರೇನು?"

"ಮೂತ್ರಕೋಶದ್ದಾ? ಬರದಾರ."

"ಅದು ಸಡ್ಲ ಆಗತೈತೇನು?"

ನಾನು ಅವಳ ಕಡೆ ತಿರುಗಿದೆ. ಅವಳು ಬುರ್ಖಾದ ಅಂಚನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು.

"ಕೆಮ್ಮಿದ್ರ ತಡಿಯಾಕಾಗಂಗಿಲ್ಲ. ಸೀನಿದ್ರ ತಡಿಯಾಕಾಗಂಗಿಲ್ಲ. ಸಣ್ಣ ಮಗ ಹುಟ್ಟಿದಾಗಿಂದ. ಅಂವ ಈಗ ಲಾರಿ ಹೊಡೀತಾನ. ಯಾರಿಗೆ ಹೇಳ್ಲಿ? ಮದುವಿ ಮುಂಜಿಗೆ ಹೋಗೋದು ಬಿಟ್ಟೀನಿ. ನಮಾಜಿಗೆ ಕುಂದ್ರಾಕೂ ಅಳುಕ್ತೀನಿ." ನನ್ನ ತೋಳು ಹಿಡಿದಳು. "ಹೆಂಗೂ ನಿನಗ ಬಾಯಿ ಬಂದೈತಿ. ಒಳಗ ಹೋಗಿ ನಂದೂ ಹೇಳಿಬಿಡು."

ಹೇಳಿಬಿಡಬಹುದಿತ್ತು. ಇಷ್ಟು ವರ್ಷ ನನ್ನ ಬಾಯನ್ನು ಹೊತ್ತವಳು ಅವಳು. ಆದರೆ ಒಂದು ಗಳಿಗೆಯ ಹಿಂದೆ ಆ ಕೋಣೆಯಲ್ಲಿ ನನ್ನ ಎದೆಯಿಂದ ಇಳಿದದ್ದು ಏನೆಂದು ನನಗೆ ಗೊತ್ತಿತ್ತು. ಅದನ್ನು ಅವಳಿಂದ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ.

"ನಾ ಹೇಳಂಗಿಲ್ಲ. ನೀನ ಹೇಳಬೇಕು. ನಾ ಬಾಜೂಕ ನಿಂತಿರ್ತೀನಿ. ಈಗ ನನ್ನ ಮುಂದ ಒಪ್ಪಿಸು."

"ತೋಬಾ! ನನ್ನ ಬಾಯಿಗೆ ಬರಂಗಿಲ್ಲ ಆ ಮಾತು."

"ಬರತೈತಿ. ಅನ್ನು, ಮೂತ್ರಕೋಶ."

ಅವಳು ತುಟಿ ಅಲ್ಲಾಡಿಸಿದಳು, ಸದ್ದು ಬರಲಿಲ್ಲ. ನಾನು 'ಊಹೂಂ' ಎಂದು ತಡೆದೆ. ಮತ್ತೆ ಅಂದಳು, ಈ ಸಲ ನನಗೆ ಕೇಳಿಸಿತು. ಇನ್ನೊಂದು ಸಲ ಅಂದಾಗ ಅವಳ ಹಳೆಯ ದನಿ ಅರ್ಧ ವಾಪಸು ಬಂದಿತ್ತು. ಎದುರು ಬೆಂಚಿನಲ್ಲಿ ಪೇಪರು ಓದುತ್ತಿದ್ದ ದಪ್ಪ ಮೀಸೆಯವನೊಬ್ಬ ಪೇಪರು ಕೆಳಗಿಳಿಸಿ ನಮ್ಮಿಬ್ಬರನ್ನು ದುರುಗುಟ್ಟಿ ನೋಡಿದ. ನನ್ನ ಕೈ ಸೆರಗಿಗೆ ಹೋಗಲಿಲ್ಲ. ಖೈರುನ್ ಅವನ ಮುಖವನ್ನೇ ನೋಡಿ ಓಣಿಗೆಲ್ಲ ಕೇಳಿಸುವ ತನ್ನ ದನಿಯಲ್ಲಿ ಹೇಳಿದಳು:

"ಮೂತ್ರಕೋಶ ಅಂತಾರ್ರೀ ಅದಕ್ಕ. ನಿಮಗೂ ಐತಿ."

ಅವನು ಪೇಪರು ಮೇಲೆತ್ತಿಕೊಂಡ. ನಾವಿಬ್ಬರೂ ಅವಳ ಹೆಸರಿನಲ್ಲಿ ಚೀಟಿ ಮಾಡಿಸಲು ಎದ್ದೆವು.